ಹಳೆಯ ವಾಹನಗಳಲ್ಲಿ ಇಂಧನ ಪಂಪಿನ ಮರುಕಳಿಸುವ ವೈಫಲ್ಯ

ಇಂಧನ ಪಂಪಿನ ಮರುಕಳಿಸುವ ವೈಫಲ್ಯ ಎಂದರೆ ವಾಹನವೊಂದರ ಇಂಧನ ಪಂಪ್ ಕೆಟ್ಟು, ಅದನ್ನು ಬದಲಾಯಿಸಿದ ಬಳಿಕವೂ ಹೊಸ ಪಂಪ್ ತನ್ನ ಸಹಜ ಬಾಳಿಕೆಗಿಂತ ಬಹಳ ಮೊದಲೇ ಮತ್ತೆ ಕೆಡುವುದು. ಹದಿನೈದು ವರ್ಷ ದಾಟಿದ ವಾಹನಗಳಲ್ಲಿ, ಅದರಲ್ಲೂ ಮಳೆ ಹೆಚ್ಚು ಬೀಳುವ ಮತ್ತು ಉಪ್ಪುಗಾಳಿ ಬೀಸುವ ಕರಾವಳಿ ಪ್ರದೇಶಗಳಲ್ಲಿ, ಈ ತೊಂದರೆ ಸಾಮಾನ್ಯವಾಗಿ ಕಂಡುಬರುತ್ತದೆ. ಒಂದೇ ವಾಹನದಲ್ಲಿ ಎರಡನೆಯ ಅಥವಾ ಮೂರನೆಯ ಪಂಪ್ ಕೆಟ್ಟಾಗ ಮೂಲ ದೋಷವು ಪಂಪಿಗಿಂತಲೂ ಅದರ ಸುತ್ತಲಿನ ಟ್ಯಾಂಕ್, ಶೋಧಕ, ಕೊಳವೆ, ವಿದ್ಯುತ್ ಸಂಪರ್ಕ ಅಥವಾ ಇಂಧನದಲ್ಲಿಯೇ ಇರುವ ಸಂಭವ ಹೆಚ್ಚು. ಆ ಮೂಲವನ್ನು ಗುರುತಿಸದೆ ಹಾಕಿದ ಹೊಸ ಪಂಪ್ ಹಳೆಯದು ಕೆಟ್ಟ ಕಾರಣಕ್ಕೇ ಕೆಡುತ್ತದೆ. ಓಡುತ್ತಿರುವ ವಾಹನವು ಹೆದ್ದಾರಿಯ ಮಧ್ಯದಲ್ಲಿ ನಿಂತುಬಿಡುವುದು ಮತ್ತು ಸೋರಿದ ಇಂಧನಕ್ಕೆ ಬೆಂಕಿ ತಗಲುವುದು ಈ ವೈಫಲ್ಯದ ಎರಡು ಮುಖ್ಯ ಅಪಾಯಗಳು.

## ಪಂಪಿನ ಕಾರ್ಯ ಮತ್ತು ಬಗೆಗಳು

ಟ್ಯಾಂಕಿನಲ್ಲಿರುವ ಇಂಧನವನ್ನು ಎಂಜಿನ್‌ಗೆ ಅಗತ್ಯವಾದ ಪ್ರಮಾಣದಲ್ಲಿ ಮತ್ತು ಒತ್ತಡದಲ್ಲಿ ತಲುಪಿಸುವುದು ಇಂಧನ ಪಂಪಿನ ಕೆಲಸ. ಮೊದಮೊದಲಿನ ಮೋಟಾರು ವಾಹನಗಳಲ್ಲಿ ಪಂಪ್ ಇರಲಿಲ್ಲ. ಟ್ಯಾಂಕ್ ಎತ್ತರದಲ್ಲಿದ್ದು ಇಂಧನವು ಗುರುತ್ವದಿಂದಲೇ ಹರಿಯುತ್ತಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಇಂಧನ ಕಡಿಮೆಯಿದ್ದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕಾಗುತ್ತಿದ್ದುದು ಇದೇ ಕಾರಣಕ್ಕೆ. ಕಾರ್ಬ್ಯುರೇಟರ್ ಇರುವ ಹಳೆಯ ಮೋಟಾರ್ ಸೈಕಲ್‌ಗಳಲ್ಲಿ ಈಗಲೂ ಇದೇ ವ್ಯವಸ್ಥೆಯಿದೆ. ಪಂಪ್ ಇರುವ ಹಳೆಯ ವಾಹನಗಳಲ್ಲಿ ಮೂರು ಬಗೆಗಳು ಮುಖ್ಯ.

ಯಾಂತ್ರಿಕ ಡಯಾಫ್ರಾಂ ಪಂಪ್: ಎಂಜಿನ್‌ನ ಕ್ಯಾಮ್ ಶಾಫ್ಟ್ ಒಂದು ಸನ್ನೆಯನ್ನು ಒತ್ತಿ, ಅದು ರಬ್ಬರು ಲೇಪಿತ ಬಟ್ಟೆಯ ಡಯಾಫ್ರಾಂ ಅನ್ನು ಮೇಲೆ ಕೆಳಗೆ ಎಳೆಯುತ್ತದೆ. ಒಳಬರುವ ಮತ್ತು ಹೊರಹೋಗುವ ದಾರಿಗಳಲ್ಲಿ ಒಂದೊಂದು ಕವಾಟವಿರುತ್ತದೆ. ಇದರ ಒತ್ತಡ ಸುಮಾರು 0.2ರಿಂದ 0.4 ಬಾರ್ ಮಾತ್ರ. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಾಗೂ 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಕಾರ್ಬ್ಯುರೇಟರ್ ಮಾದರಿಗಳಲ್ಲಿ ಈ ಬಗೆಯ ಪಂಪ್ ಇತ್ತು.

ವಿದ್ಯುತ್ ಪಂಪ್: ಟ್ಯಾಂಕಿನೊಳಗೆ ಇಂಧನದಲ್ಲಿ ಮುಳುಗಿರುವ ಚಿಕ್ಕ ಮೋಟಾರ್ ಇಂಧನವನ್ನು ಸಾಮಾನ್ಯವಾಗಿ 2.5ರಿಂದ 4 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಧನ ಚಿಮ್ಮಿಕೆ ವ್ಯವಸ್ಥೆಯು 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಬಂದ ನಂತರ ವಿದ್ಯುತ್ ಪಂಪಿನ ಬಳಕೆ ಹರಡಿತು. ಭಾರತದಲ್ಲಿ 2000ದ ಸುಮಾರಿಗೆ ಮಾಲಿನ್ಯ ನಿಯಮಗಳು ಬಿಗಿಯಾಗಿ ಎಂಪಿಎಫ್‌ಐ ಎಂಜಿನ್‌ಗಳು ಬಂದಾಗ ಇದು ಸಾಮಾನ್ಯವಾಯಿತು. ಇದರಲ್ಲಿ ಹರಿಯುವ ಇಂಧನವೇ ಮೋಟಾರನ್ನು ತಂಪಾಗಿಡುತ್ತದೆ ಮತ್ತು ಅದಕ್ಕೆ ಜಾರುಗುಣ ಒದಗಿಸುತ್ತದೆ. ಹೊರನಿಂದ ತಂಪುಮಾಡುವ ಬೇರೆ ಏರ್ಪಾಡು ಇರುವುದಿಲ್ಲ.

ಡೀಸೆಲ್ ಪಂಪ್: ಹಳೆಯ ಜೀಪು, ಲಾರಿ, ಬಸ್ಸುಗಳಲ್ಲಿ ಎರಡು ಹಂತಗಳಿರುತ್ತವೆ. ಫೀಡ್ ಪಂಪ್ ಟ್ಯಾಂಕಿನಿಂದ ಡೀಸೆಲನ್ನು ಎಳೆದು ತರುತ್ತದೆ. ಅಧಿಕ ಒತ್ತಡದ ಪಂಪ್ ಅದನ್ನು ಇಂಜೆಕ್ಟರ್‌ಗಳಿಗೆ ಕಳುಹಿಸುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯು ಸ್ಪಾರ್ಕ್ ಪ್ಲಗ್‌ಗಳೊಂದಿಗೆ ಡೀಸೆಲ್ ಪಂಪುಗಳನ್ನೂ ದೇಶದಲ್ಲಿಯೇ ತಯಾರಿಸಿತು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು.

## ಕರಾವಳಿ ಕರ್ನಾಟಕದ ಪರಿಸ್ಥಿತಿ

ವಾಹನದ ಬಾಳಿಕೆಯ ಮೇಲೆ ಊರಿನ ಹವೆಯ ಪ್ರಭಾವ ದೊಡ್ಡದು. ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನ ತೆಕ್ಕಟ್ಟೆಯನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೋಟ ಮತ್ತು ಕುಂಭಾಶಿಯ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಈ ಊರಿನಿಂದ ಅರಬ್ಬೀ ಸಮುದ್ರ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಗಾಳಿಯಲ್ಲಿನ ಉಪ್ಪಿನಂಶ ಮತ್ತು ತೇವಾಂಶ ಸೇರಿ ಕಬ್ಬಿಣದ ಟ್ಯಾಂಕ್, ಕೊಳವೆ ಹಾಗೂ ವಿದ್ಯುತ್ ಸಂಪರ್ಕಗಳಿಗೆ ತುಕ್ಕು ಮತ್ತು ಕಿಲುಬು ಹಿಡಿಸುತ್ತವೆ.

ಈ ಭಾಗದ ಇನ್ನೊಂದು ವಿಶೇಷವೆಂದರೆ ನಿಂತೇ ಇರುವ ವಾಹನಗಳು. ಉದ್ಯೋಗ ಮತ್ತು ವ್ಯಾಪಾರಕ್ಕಾಗಿ ಮುಂಬಯಿ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಕುಟುಂಬಗಳ ಹಳೆಯ ಕಾರು ಊರಿನ ಮನೆಯಲ್ಲಿದ್ದು, ಬೇಸಿಗೆ ರಜೆ, ಮದುವೆ ಅಥವಾ ಜಾತ್ರೆಯ ಸಮಯದಲ್ಲಿ ಮಾತ್ರ ಹೊರಡುವುದುಂಟು. ಟ್ಯಾಂಕಿನಲ್ಲಿ ಅರೆಬರೆ ಪೆಟ್ರೋಲಿನೊಂದಿಗೆ ಇಡೀ ಮಳೆಗಾಲವನ್ನು ಕಳೆದ ಇಂತಹ ಕಾರುಗಳಲ್ಲಿ ಪಂಪ್ ಕೆಡುವ ಸಂಭವವು ದಿನನಿತ್ಯ ಓಡುವ ಅಷ್ಟೇ ಹಳೆಯ ಕಾರುಗಳಿಗಿಂತ ಹೆಚ್ಚು.

## ಕಾರಣಗಳು

### ಟ್ಯಾಂಕಿನ ತುಕ್ಕು ಮತ್ತು ಕೊಳೆ

ಉಕ್ಕಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿದಾಗ ಅದರ ಪುಡಿ ಇಂಧನದಲ್ಲಿ ತೇಲಿ ಪಂಪಿನ ಬಾಯಲ್ಲಿರುವ ಜಾಲರಿಗೆ ಅಂಟುತ್ತದೆ. ಜಾಲರಿ ಕಟ್ಟಿಕೊಂಡಂತೆ ಪಂಪಿಗೆ ಇಂಧನ ಸಾಲದಾಗಿ ಅದರೊಳಗೆ ಆವಿಯ ಗುಳ್ಳೆಗಳು ಏಳುತ್ತವೆ, ಮೋಟಾರ್ ಬಿಸಿಯಾಗುತ್ತದೆ. ಜಾಲರಿಯನ್ನೂ ದಾಟಿದ ನಯವಾದ ಪುಡಿ ಪಂಪಿನ ತಿರುಗುವ ಭಾಗಗಳನ್ನು ಉಜ್ಜಿ ಸವೆಸುತ್ತದೆ. ಪಂಪಿನ ಮುಂದಿರುವ ಫಿಲ್ಟರ್ ಕಟ್ಟಿಕೊಂಡರೆ ಪರಿಣಾಮ ಬೇರೆ: ಪಂಪ್ ಹೆಚ್ಚಿನ ಒತ್ತಡಕ್ಕೆ ಎದುರಾಗಿ ದುಡಿಯಬೇಕಾಗಿ ಹೆಚ್ಚು ವಿದ್ಯುತ್ ಸೆಳೆಯುತ್ತದೆ ಮತ್ತು ಕಾಯುತ್ತದೆ. ಟ್ಯಾಂಕನ್ನು ಶುಚಿಗೊಳಿಸದೆ ಪಂಪನ್ನಷ್ಟೇ ಬದಲಾಯಿಸುವುದು ಮರುಕಳಿಸುವ ವೈಫಲ್ಯಕ್ಕೆ ಮುಖ್ಯ ಕಾರಣಗಳಲ್ಲೊಂದು.

### ನೀರು ಮತ್ತು ಎಥೆನಾಲ್

ಟ್ಯಾಂಕಿನ ಖಾಲಿ ಭಾಗದಲ್ಲಿರುವ ತೇವದ ಗಾಳಿ ರಾತ್ರಿ ತಣ್ಣಗಾದಾಗ ಅದರಲ್ಲಿನ ನೀರಾವಿ ಹನಿಗಟ್ಟುತ್ತದೆ. ಮುಚ್ಚಳದ ರಬ್ಬರು ಗಟ್ಟಿಯಾಗಿದ್ದರೆ ಮಳೆನೀರೂ ಒಳಸೇರುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳಕ್ಕಿಳಿಯುತ್ತದೆ. ಪಂಪ್ ಇಂಧನವನ್ನು ಹೀರುವುದೂ ತಳದಿಂದಲೇ.

ಭಾರತದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾರ್ಯಕ್ರಮವು 2003ರಲ್ಲಿ ಆರಂಭವಾಯಿತು. ಶೇಕಡಾ 10ರ ಮಿಶ್ರಣದ ಗುರಿಯನ್ನು 2022ರಲ್ಲಿ ತಲುಪಲಾಯಿತು. ಶೇಕಡಾ 20 ಎಥೆನಾಲ್ ಇರುವ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಬಿಡುಗಡೆ ಮಾಡಲಾಯಿತು. ಹಳೆಯ ವಾಹನಗಳ ಮೇಲೆ ಎಥೆನಾಲ್ ಮೂರು ರೀತಿಯಲ್ಲಿ ಪರಿಣಾಮ ಬೀರುತ್ತದೆ:

* ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಶೇಕಡಾ 10ರ ಮಿಶ್ರಣವು ಸುಮಾರು ಶೇಕಡಾ ಅರ್ಧದಷ್ಟು ನೀರನ್ನು ಕರಗಿಸಿಕೊಳ್ಳಬಲ್ಲದು. ಆ ಮಿತಿ ದಾಟಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಪ್ರತ್ಯೇಕ ಪದರವಾಗಿ ನಿಲ್ಲುತ್ತವೆ. ಈ ಪದರ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಎಂಜಿನ್ ಇದರಲ್ಲಿ ಸರಿಯಾಗಿ ಓಡುವುದಿಲ್ಲ.
* ಎಥೆನಾಲ್ ಉತ್ತಮ ದ್ರಾವಕ. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಮೇಣದಂತಹ ಕೊಳೆಯನ್ನು ಅದು ಸಡಿಲಗೊಳಿಸಿ ಜಾಲರಿ ಮತ್ತು ಫಿಲ್ಟರ್‌ಗಳಿಗೆ ತಳ್ಳುತ್ತದೆ.
* ಎಥೆನಾಲ್ ಅನ್ನು ಗಮನದಲ್ಲಿಟ್ಟು ತಯಾರಿಸದ ಹಳೆಯ ರಬ್ಬರು ಪೈಪು, ಸೀಲು ಮತ್ತು ಡಯಾಫ್ರಾಂಗಳು ಅದರಿಂದ ಉಬ್ಬುತ್ತವೆ, ಮೆತ್ತಗಾಗುತ್ತವೆ ಅಥವಾ ಬಿರುಕು ಬಿಡುತ್ತವೆ.

ಡೀಸೆಲ್ ವಾಹನಗಳಲ್ಲಿ ನೀರು ಮತ್ತು ಡೀಸೆಲ್ ಸಂಧಿಸುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಹ ಕಪ್ಪು ಕೊಳೆ ಉಂಟಾಗುತ್ತದೆ. ಡೀಸೆಲ್ ಪಂಪಿನ ಅತಿ ನಿಖರ ಭಾಗಗಳಿಗೆ ಡೀಸೆಲಿನದೇ ಜಾರುಗುಣ ಬೇಕಾಗಿರುವುದರಿಂದ ಸ್ವಲ್ಪ ನೀರೂ ಅವಕ್ಕೆ ಹಾನಿಕರ.

### ವಿದ್ಯುತ್ ಸಂಪರ್ಕದ ದೋಷ

ಪಂಪಿಗೆ ವಿದ್ಯುತ್ ತಲುಪುವ ದಾರಿಯಲ್ಲಿ ಫ್ಯೂಸ್, ರಿಲೇ, ಹಲವು ಕನೆಕ್ಟರ್‌ಗಳು ಮತ್ತು ಕೊನೆಯಲ್ಲಿ ಬಾಡಿಗೆ ಬಿಗಿದ ಅರ್ತ್ ತಂತಿ ಇರುತ್ತವೆ. ಇವುಗಳಲ್ಲಿ ಯಾವುದಕ್ಕೆ ಕಿಲುಬು ಹಿಡಿದರೂ ವೋಲ್ಟೇಜ್ ಇಳಿಯುತ್ತದೆ. ಆಗ ಮೋಟಾರಿನ ವೇಗ ಕುಗ್ಗಿ ಒತ್ತಡ ತಗ್ಗುತ್ತದೆ. ಸಡಿಲವಾದ ಸಂಪರ್ಕದಲ್ಲಿ ಶಾಖ ಹುಟ್ಟಿ ಪ್ಲಾಸ್ಟಿಕ್ ಕನೆಕ್ಟರ್ ಕರಗುತ್ತದೆ. ಪಂಪ್ ಕೆಟ್ಟಿದೆಯೆಂದು ಹೊಸದನ್ನು ಹಾಕುವಾಗ ತಂತಿಗಳನ್ನು ಕದಲಿಸುವುದರಿಂದ ಸಂಪರ್ಕ ತಾತ್ಕಾಲಿಕವಾಗಿ ಸುಧಾರಿಸುತ್ತದೆ. ಹೊಸ ಪಂಪಿನಿಂದ ದೋಷ ನಿವಾರಣೆಯಾಯಿತೆಂಬ ತಪ್ಪು ಭಾವನೆ ಹುಟ್ಟುವುದು ಹೀಗೆಯೇ.

### ಟ್ಯಾಂಕಿನಲ್ಲಿ ಕಡಿಮೆ ಇಂಧನ

ಸದಾ ರಿಸರ್ವ್ ಮಟ್ಟದಲ್ಲಿಯೇ ಓಡಿಸುವ ವಾಹನದಲ್ಲಿ ವಿದ್ಯುತ್ ಪಂಪ್ ಪೂರ್ತಿ ಮುಳುಗಿರುವುದಿಲ್ಲ. ತಿರುವು ಮತ್ತು ಏರುಗಳಲ್ಲಿ ಇಂಧನ ಒಂದು ಬದಿಗೆ ಸರಿದಾಗ ಪಂಪ್ ಗಾಳಿಯನ್ನು ಹೀರಿ ಒಣಗಿ ತಿರುಗುತ್ತದೆ. ತಳದ ಕೊಳೆಯೂ ನೀರೂ ಆಗಲೇ ಹೆಚ್ಚು ಒಳಬರುತ್ತವೆ.

### ಗಾಳಿಕಿಂಡಿ ಮುಚ್ಚಿಕೊಳ್ಳುವುದು

ಇಂಧನ ಖರ್ಚಾದಂತೆ ಟ್ಯಾಂಕಿನೊಳಗೆ ಗಾಳಿ ಬರಬೇಕು. ಮುಚ್ಚಳದ ಅಥವಾ ಆವಿ ಕೊಳವೆಯ ಕಿಂಡಿ ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪಂಪ್ ಏದುತ್ತದೆ. ಸ್ವಲ್ಪ ದೂರ ಓಡಿ ನಿಂತ ವಾಹನವು ಮುಚ್ಚಳ ತೆರೆದು ಹಾಕಿದ ಮೇಲೆ ಮತ್ತೆ ಓಡಿದರೆ ಈ ದೋಷವನ್ನು ಶಂಕಿಸಬೇಕು.

### ವೇಪರ್ ಲಾಕ್

ಕಾರ್ಬ್ಯುರೇಟರ್ ಕಾರುಗಳಲ್ಲಿ ಬಿಸಿ ಎಂಜಿನ್‌ನ ಪಕ್ಕದಲ್ಲಿರುವ ಪಂಪ್ ಮತ್ತು ಕೊಳವೆಯೊಳಗೆ ಪೆಟ್ರೋಲ್ ಕುದಿದು ಆವಿಯಾದರೆ ಪಂಪ್ ಆ ಆವಿಯನ್ನು ತಳ್ಳಲಾರದೆ ಹೋಗುತ್ತದೆ. ಘಟ್ಟದ ಏರಿನಲ್ಲಿ ನಿಂತ ಅಂಬಾಸಿಡರ್‌ನ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕಾಗಿಯೇ. ಇದು ಪಂಪಿನ ದೋಷವಲ್ಲ. ಆದರೆ ಪಂಪ್ ಮತ್ತು ಎಂಜಿನ್‌ನ ನಡುವೆ ಇರಬೇಕಾದ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್ ಅನ್ನು ಹಿಂದಿನ ದುರಸ್ತಿಯಲ್ಲಿ ಬಿಟ್ಟಿದ್ದರೆ ಹೊಸ ಪಂಪಿಗೂ ಇದೇ ಗತಿಯಾಗುತ್ತದೆ.

### ಪಂಪಿನದೇ ದೋಷ

ಕೆಲವೊಮ್ಮೆ ಪಂಪೇ ದೋಷಯುಕ್ತವಾಗಿರುವುದೂ ಉಂಟು. ಮಾರುತಿ ಸುಜುಕಿ ಕಂಪನಿಯು ಇಂಧನ ಪಂಪಿನ ದೋಷದ ಶಂಕೆಯಿಂದ 2020ರ ಜುಲೈನಲ್ಲಿ ವ್ಯಾಗನ್ ಆರ್ ಮತ್ತು ಬಲೆನೊ ಮಾದರಿಗಳ 1,34,885 ಕಾರುಗಳನ್ನು ಹಿಂದಕ್ಕೆ ಕರೆಸಿತು. ಹಳೆಯ ವಾಹನಗಳ ವಿಷಯದಲ್ಲಿ ಇಂತಹ ವ್ಯವಸ್ಥೆ ಇಲ್ಲದಿರುವುದರಿಂದ ನಕಲಿ ಬಿಡಿಭಾಗಗಳು ದೊಡ್ಡ ಸಮಸ್ಯೆ. ತಯಾರಿಕೆ ನಿಂತುಹೋದ ಮಾದರಿಗಳಿಗೆ ಬೇರೆ ವಾಹನದ ಪಂಪನ್ನು ಹೊಂದಿಸಿದಾಗ ಅದರ ಒತ್ತಡ ಅಥವಾ ಹರಿವು ಮೂಲ ಪಂಪಿಗೆ ಸಮನಾಗಿರದಿದ್ದರೆ ಹೊಸ ತೊಂದರೆಗಳು ಹುಟ್ಟುತ್ತವೆ.

## ಲಕ್ಷಣಗಳು

ಪಂಪ್ ದುರ್ಬಲವಾದಾಗ ಕಾಣುವ ಲಕ್ಷಣಗಳು ಇತರ ದೋಷಗಳ ಲಕ್ಷಣಗಳನ್ನು ಹೋಲುತ್ತವೆ. ಆದ್ದರಿಂದ ಲಕ್ಷಣವೊಂದನ್ನೇ ನಂಬಿ ಪಂಪ್ ಬದಲಾಯಿಸುವುದು ಸರಿಯಲ್ಲ.

* ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುವುದು: ಪಂಪಿನ ಹಿಂಹರಿವು ತಡೆಯುವ ಕವಾಟ ಸೋರುತ್ತಿರಬಹುದು, ಇಂಜೆಕ್ಟರ್ ಸೋರಿಕೆಯಿಂದಲೂ ಹೀಗಾಗುತ್ತದೆ.
* ಏರಿನಲ್ಲಿ ಅಥವಾ ವೇಗದಲ್ಲಿ ಎಳೆತ ಕುಗ್ಗುವುದು: ಜಾಲರಿ ಅಥವಾ ಫಿಲ್ಟರ್ ಕಟ್ಟಿರಬಹುದು.
* ಬಿಸಿಯಾದ ಮೇಲೆ ನಿಂತು, ತಣಿದ ಮೇಲೆ ಓಡುವುದು: ಸವೆದ ಮೋಟಾರ್, ರಿಲೇ ದೋಷ ಅಥವಾ ವೇಪರ್ ಲಾಕ್ ಆಗಿರಬಹುದು. ಇಗ್ನಿಷನ್ ಕಾಯಿಲ್‌ನ ದೋಷವೂ ಇದೇ ರೀತಿ ಕಾಣುತ್ತದೆ.
* ಹಿಂದಿನ ಸೀಟಿನ ಬಳಿ ಜೋರಾದ ಗುಂಯ್‌ಗುಡುವ ಸದ್ದು: ಪಂಪ್ ಇಂಧನಕ್ಕಾಗಿ ಹೆಣಗುತ್ತಿದೆ ಎಂದರ್ಥ.
* ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಮತ್ತು ಆಯಿಲ್ ಮಟ್ಟ ಏರುವುದು: ಯಾಂತ್ರಿಕ ಪಂಪಿನ ಡಯಾಫ್ರಾಂ ಹರಿದು ಪೆಟ್ರೋಲ್ ಎಂಜಿನ್‌ನೊಳಗೆ ಇಳಿಯುತ್ತಿದೆ. ಇಂತಹ ವಾಹನವನ್ನು ಓಡಿಸಬಾರದು. ಆಯಿಲ್ ತೆಳುವಾಗಿ ಬೇರಿಂಗುಗಳು ಹಾಳಾಗುತ್ತವೆ.

## ದೋಷ ಪತ್ತೆಯ ಕ್ರಮ

ಸುಲಭ ಮತ್ತು ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಟ್ಯಾಂಕನ್ನು ಕೆಳಗಿಳಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ರೂಢಿ.

1. ಇತಿಹಾಸ: ಹಿಂದಿನ ಪಂಪುಗಳು ಎಷ್ಟು ಕಾಲ ಬಾಳಿದವು ಎಂಬುದನ್ನು ದಾಖಲಿಸಬೇಕು. ಕೆಲವೇ ದಿನಗಳಲ್ಲಿ ಕೆಟ್ಟಿದ್ದರೆ ವಿದ್ಯುತ್ ಅಥವಾ ಜೋಡಣೆಯ ದೋಷ, ಕೆಲವು ತಿಂಗಳಲ್ಲಿ ಕೆಟ್ಟಿದ್ದರೆ ಕೊಳೆ, ಪ್ರತಿ ಮಳೆಗಾಲದ ನಂತರ ಕೆಡುತ್ತಿದ್ದರೆ ನೀರು ಎಂದು ಮೊದಲ ಊಹೆ ಮಾಡಬಹುದು.
2. ಸದ್ದು: ಎಂಪಿಎಫ್‌ಐ ಕಾರಿನಲ್ಲಿ ಕೀಲಿ ತಿರುಗಿಸಿದೊಡನೆ ಪಂಪ್ ಒಂದೆರಡು ಸೆಕೆಂಡ್ ಓಡಿ ನಿಲ್ಲುವ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್ ಮತ್ತು ರಿಲೇ ನೋಡಬೇಕು. ಅಷ್ಟೇ ಸಾಮರ್ಥ್ಯದ ಇನ್ನೊಂದು ರಿಲೇ ಹಾಕಿ ಪರೀಕ್ಷಿಸುವುದು ಸುಲಭ.
3. ಇಂಧನದ ಮಾದರಿ: ಟ್ಯಾಂಕಿನ ತಳದ ಇಂಧನವನ್ನು ಸ್ವಚ್ಛ ಗಾಜಿನ ಬಾಟಲಿಯಲ್ಲಿ ಕೆಲವು ಗಂಟೆ ನಿಲ್ಲಿಸಬೇಕು. ಎರಡು ಪದರಗಳಾದರೆ ನೀರು ಸೇರಿದೆ. ತಳದಲ್ಲಿ ಕಂದು ಪುಡಿ ನಿಂತರೆ ತುಕ್ಕು. ಹುಳಿ ಅಥವಾ ವಾರ್ನಿಷ್‌ನಂತಹ ವಾಸನೆಯಿದ್ದರೆ ಹಳಸಿದ ಪೆಟ್ರೋಲ್.
4. ವೋಲ್ಟೇಜ್: ಪಂಪ್ ಓಡುತ್ತಿರುವಾಗಲೇ ಅದರ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್‌ನಿಂದ ಅಳೆಯಬೇಕು. ಪಂಪ್ ಕಳಚಿಟ್ಟು ಅಳೆದರೆ ಕಿಲುಬು ಹಿಡಿದ ತಂತಿಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬ್ಯಾಟರಿಯ ಧನ ತುದಿಯಿಂದ ಪಂಪಿನವರೆಗೆ, ಹಾಗೂ ಪಂಪಿನ ಅರ್ತ್‌ನಿಂದ ಬ್ಯಾಟರಿಯ ಋಣ ತುದಿಯವರೆಗೆ, ತಲಾ ಅರ್ಧ ವೋಲ್ಟ್‌ಗಿಂತ ಹೆಚ್ಚು ಇಳಿತವಿದ್ದರೆ ಆ ದಾರಿಯನ್ನು ಸರಿಪಡಿಸಬೇಕು.
5. ಒತ್ತಡ ಮತ್ತು ಹರಿವು: ಪ್ರೆಷರ್ ಗೇಜ್ ಜೋಡಿಸಿ ಓದಿದ ಅಂಕಿಯನ್ನು ಆ ಮಾದರಿಯ ಸರ್ವಿಸ್ ಕೈಪಿಡಿಯೊಂದಿಗೆ ಹೋಲಿಸಬೇಕು. ಒತ್ತಡ ಸರಿಯಿದ್ದು ಹರಿವು ಕಡಿಮೆಯಿರುವುದೂ ಸಾಧ್ಯ. ಆದ್ದರಿಂದ ಎರಡನ್ನೂ ನೋಡಬೇಕು.
6. ಹೀರುವ ಕೊಳವೆ: ಯಾಂತ್ರಿಕ ಮತ್ತು ಡೀಸೆಲ್ ಪಂಪುಗಳಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಒಳನುಗ್ಗುತ್ತದೆ. ಅಲ್ಲಿ ಇಂಧನ ಹೊರಗೆ ಸೋರದಿರಬಹುದು. ಸ್ವಚ್ಛ ಇಂಧನವಿರುವ ಬೇರೆ ಡಬ್ಬದಿಂದ ಹೊಸ ಪೈಪಿನ ಮೂಲಕ ಪಂಪಿಗೆ ಇಂಧನ ಕೊಟ್ಟಾಗ ತೊಂದರೆ ಮಾಯವಾದರೆ ದೋಷ ಹಳೆಯ ಪೈಪ್ ಅಥವಾ ಟ್ಯಾಂಕಿನಲ್ಲಿದೆ.

## ಕೆಟ್ಟ ಪಂಪಿನ ಪರಿಶೀಲನೆ

ತೆಗೆದ ಪಂಪನ್ನು ಗುಜರಿಗೆ ಹಾಕುವ ಮೊದಲು ಬಿಚ್ಚಿ ನೋಡುವುದು ಉಪಯುಕ್ತ. ವೈಫಲ್ಯದ ಗುರುತು ಅದರಲ್ಲಿಯೇ ಉಳಿದಿರುತ್ತದೆ. ಜಾಲರಿಯಲ್ಲಿ ಕೆಂಪು ಕಂದು ಪುಡಿಯಿದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ. ಜಾಲರಿ ಸ್ವಚ್ಛವಿದ್ದು ಕನೆಕ್ಟರ್ ಕರಗಿದ್ದರೆ ವಿದ್ಯುತ್ ದೋಷ. ಕಾರ್ಬನ್ ಬ್ರಷ್‌ಗಳು ಸಮನಾಗಿ ಪೂರ್ತಿ ಸವೆದಿದ್ದರೆ ಅದು ಸಹಜ ಮುಪ್ಪು. ಒಳಭಾಗದಲ್ಲಿ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ನೀರಿನ ಹಾವಳಿ. ಡಯಾಫ್ರಾಂ ಒಂದೇ ಕಡೆ ಬಿರಿದಿದ್ದರೆ ಸನ್ನೆ ಅಥವಾ ಜೋಡಣೆಯ ದೋಷವನ್ನೂ, ಎಲ್ಲೆಡೆ ಉಬ್ಬಿ ಮೆತ್ತಗಾಗಿದ್ದರೆ ಇಂಧನಕ್ಕೆ ಹೊಂದದ ರಬ್ಬರನ್ನೂ ಸೂಚಿಸುತ್ತದೆ. ಮುಂದಿನ ಪಂಪನ್ನು ಉಳಿಸಲು ಈ ಗುರುತುಗಳೇ ಆಧಾರ.

## ದುರಸ್ತಿ

ಮರುಕಳಿಸಿದ ವೈಫಲ್ಯದಲ್ಲಿ ಪಂಪಿನ ಜೊತೆಗೆ ಜಾಲರಿ, ಫಿಲ್ಟರ್, ಸೀಲ್ ಮತ್ತು ರಬ್ಬರು ಪೈಪುಗಳನ್ನೂ ಬದಲಾಯಿಸಲಾಗುತ್ತದೆ. ಪೈಪುಗಳು ಎಥೆನಾಲ್ ತಾಳುವ ಬಗೆಯವಾಗಿರಬೇಕು. ಟ್ಯಾಂಕನ್ನು ಇಳಿಸಿ, ಖಾಲಿಮಾಡಿ, ತೊಳೆದು, ಪೂರ್ತಿ ಒಣಗಿಸಬೇಕು. ತುಕ್ಕು ಮೇಲ್ಮೈಯಲ್ಲಿ ಮಾತ್ರವಿದ್ದರೆ ತುಕ್ಕು ನಿವಾರಕದಿಂದ ತೆಗೆದು ಒಳಲೇಪನ ಹಚ್ಚಬಹುದು. ಹಾಳೆ ತೆಳುವಾಗಿದ್ದರೆ ಟ್ಯಾಂಕನ್ನೇ ಬದಲಾಯಿಸುವುದು ಸೂಕ್ತ. ಅರ್ತ್ ತಂತಿಯ ಬುಡವನ್ನು ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದರೆ ಉಪ್ಪುಗಾಳಿಯಿಂದ ರಕ್ಷಣೆ ಸಿಗುತ್ತದೆ. ಕೆಲಸ ಮುಗಿದ ಬಳಿಕ ಒತ್ತಡ ಮತ್ತು ವೋಲ್ಟೇಜನ್ನು ಮತ್ತೆ ಅಳೆದು ಬರೆದಿಟ್ಟರೆ ಮುಂದಿನ ಪರೀಕ್ಷೆಗೆ ಹೋಲಿಕೆ ಸಿಗುತ್ತದೆ.

## ಸುರಕ್ಷತೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದು. ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ತಲುಪುತ್ತದೆ. ಆದ್ದರಿಂದ ಕೆಲಸವನ್ನು ಬಯಲಿನಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ, ತಣಿದ ಎಂಜಿನ್‌ನೊಂದಿಗೆ ಮಾಡಬೇಕು. ಇಂಧನ ಕೊಳವೆಯ ಒತ್ತಡವನ್ನು ಇಳಿಸಿ, ಬ್ಯಾಟರಿಯ ಋಣ ತುದಿಯನ್ನು ಕಳಚಿದ ನಂತರವೇ ಕೊಳವೆ ಬಿಚ್ಚಬೇಕು. ಒಣಪುಡಿಯ ಅಗ್ನಿಶಾಮಕ ಕೈಗೆಟಕುವಂತಿರಬೇಕು.

ಖಾಲಿ ಟ್ಯಾಂಕ್ ಅಪಾಯರಹಿತವೆಂಬ ನಂಬಿಕೆ ತಪ್ಪು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿಯ ಸ್ಫೋಟಕ ಮಿಶ್ರಣ ಸುಲಭವಾಗಿ ಉಂಟಾಗುತ್ತದೆ. ಆವಿಯನ್ನು ಸಂಪೂರ್ಣವಾಗಿ ಹೊರಹಾಕದ ಟ್ಯಾಂಕಿಗೆ ವೆಲ್ಡಿಂಗ್ ಅಥವಾ ಬೆಸುಗೆ ಹಾಕುವುದು ಪ್ರಾಣಾಪಾಯಕಾರಿ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವ ಅಭ್ಯಾಸವೂ ಅಪಾಯಕರ. ಸ್ವಲ್ಪ ಇಂಧನ ಶ್ವಾಸಕೋಶಕ್ಕೆ ಇಳಿದರೂ ತೀವ್ರ ಉರಿಯೂತ ಉಂಟಾಗುತ್ತದೆ. ಹಾಗೇನಾದರೂ ಇಂಧನವನ್ನು ನುಂಗಿದರೆ ವಾಂತಿ ಮಾಡಿಸದೆ ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಹೆದ್ದಾರಿಯಲ್ಲಿ ಎಂಜಿನ್ ತಟ್ಟನೆ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ. ಬ್ರೇಕಿನ ನೆರವೂ ಕೆಲವು ಬಾರಿ ಒತ್ತಿದ ಮೇಲೆ ಕುಗ್ಗುತ್ತದೆ. ಪಂಪ್ ಶಂಕಾಸ್ಪದವಾಗಿರುವ ವಾಹನವನ್ನು ರಾತ್ರಿ ಅಥವಾ ಮಳೆಯಲ್ಲಿ ದೂರದ ಪ್ರಯಾಣಕ್ಕೆ ಬಳಸಬಾರದು.

## ತಡೆಗಟ್ಟುವ ಕ್ರಮಗಳು

* ಟ್ಯಾಂಕಿನಲ್ಲಿ ಯಾವಾಗಲೂ ಕನಿಷ್ಠ ಕಾಲು ಭಾಗ ಇಂಧನವಿರಬೇಕು.
* ಮಳೆಗಾಲಕ್ಕೆ ಮುನ್ನ ಮುಚ್ಚಳದ ರಬ್ಬರು, ಗಾಳಿಕಿಂಡಿ ಮತ್ತು ಅರ್ತ್ ಸಂಪರ್ಕಗಳನ್ನು ನೋಡಬೇಕು.
* ಇಂಧನ ಫಿಲ್ಟರನ್ನು ಕೈಪಿಡಿಯ ಅವಧಿಗೆ ಅನುಗುಣವಾಗಿ ಬದಲಾಯಿಸಬೇಕು. ಹಳೆಯ ಟ್ಯಾಂಕ್ ಇರುವ ವಾಹನದಲ್ಲಿ ಇನ್ನೂ ಬೇಗ ಬದಲಾಯಿಸುವುದು ಒಳ್ಳೆಯದು.
* ಡೀಸೆಲ್ ವಾಹನದ ಫಿಲ್ಟರ್‌ನ ತಳದಲ್ಲಿ ನಿಂತ ನೀರನ್ನು ಆಗಾಗ ಹೊರಬಿಡಬೇಕು.
* ಹಲವು ತಿಂಗಳು ನಿಲ್ಲುವ ಕಾರನ್ನು ಮನೆಯಲ್ಲಿರುವವರು ಹದಿನೈದು ದಿನಗಳಿಗೊಮ್ಮೆಯಾದರೂ ಸ್ವಲ್ಪ ದೂರ ಓಡಿಸಿ, ಇಂಧನ ಖರ್ಚಾದಂತೆ ಹೊಸದನ್ನು ತುಂಬುತ್ತಿರಬೇಕು. ಒಂದು ಇಡೀ ಮಳೆಗಾಲ ನಿಂತ ಕಾರಿನ ಹಳೆಯ ಪೆಟ್ರೋಲನ್ನು ಬಾಟಲಿಯಲ್ಲಿ ಪರೀಕ್ಷಿಸಿ, ಪದರ ಅಥವಾ ಕೆಟ್ಟ ವಾಸನೆಯಿದ್ದರೆ ಪೂರ್ತಿ ಹೊರತೆಗೆದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು.